ರಾಮಾಂಜಿನಪ್ಪನವರ ಸೆಂಟರಿನ ಮೂರು ಡಿಗ್ರಿ

ತನುಶ್ರೀಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟುಕೊಂಡು ಅವಳ ಬಗ್ಗೆ ಬರೆದರೆ ಅರ್ಧ ಸುಳ್ಳಾಗುತ್ತದೆ. ಅವಳ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದು ಈಗಾಗಲೇ ಸಾಕಾಗಿದೆ.

ಮಂಡಿಕಲ್ ಕಡೆಯ ಹುಡುಗಿ. ಅಪ್ಪ ಲಕ್ಷ್ಮಯ್ಯನವರದು ದ್ರಾಕ್ಷಿ ತೋಟ. ಇಂಜಿನಿಯರಿಂಗ್ ಮುಗಿಸಿ, ದಿನಾ ಎರಡು ಬಸ್ಸು ಬದಲಿಸಿ ಶಿಡ್ಲಘಟ್ಟದ ನಮ್ಮ ಆಫೀಸಿಗೆ ಬರುತ್ತಿದ್ದಳು. ಆಫೀಸೆಂದರೆ ಮೋಟಾರ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ. ರೇಷ್ಮೆ ಹುಳುವನ್ನು ಮೊಟ್ಟೆಯಿಂದ ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಸೆಂಟರುಗಳಿವೆಯಲ್ಲ, ಅಲ್ಲಿನ ಶಾಖ, ತೇವ ಕಾಯುವ ಯಂತ್ರಕ್ಕೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ದ್ರಾಕ್ಷಿ ತೋಟದ ತನುಶ್ರೀಗೆ ಅದೂ ಗೊತ್ತಿರಲಿಲ್ಲ. ನಾನು ಕೆಂಚಾರ್ಲಹಳ್ಳಿಯ ರೇಷ್ಮೆ ಮನೆಯಲ್ಲಿ ಹುಟ್ಟಿದವನು. ಇವಳೇನು ಮಾಡಿಯಾಳು ಎಂದು ಮೂಗು ಮುರಿದಿದ್ದೆ.

ಹತ್ತು ವರ್ಷ ಆ ಸಾಫ್ಟ್‌ವೇರ್ ನನ್ನೊಬ್ಬನದೇ ಆಗಿತ್ತು. ಯಾವ ಸೆಂಟರಿಗೆ ಎಷ್ಟು ಡಿಗ್ರಿ, ಎಷ್ಟು ತೇವ ಎಂಬುದನ್ನೆಲ್ಲ ಕೋಡಿನೊಳಗೇ ಬರೆದಿದ್ದೆ. ಹೀಟರಿನ ಭಾಗದಲ್ಲಿ ಒಂದು ಕಡೆ, ಫ್ಯಾನಿನ ಭಾಗದಲ್ಲಿ ಇನ್ನೊಂದು ಕಡೆ. ಎಲ್ಲಿ ಏನಿದೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಒಂದು ಡಿಗ್ರಿ ಏರಬೇಕಾದರೂ ನನಗೇ ಫೋನ್. "ಮಧೂ, ಹುಳ ಜ್ವರಕ್ಕೆ ಕೂತವೆ ಕಣಪ್ಪ, ಒಸಿ ನೋಡು" ಎಂದು ಚಿಂತಾಮಣಿಯಿಂದ ಒಬ್ಬರು, ಗೌರಿಬಿದನೂರಿನಿಂದ ಇನ್ನೊಬ್ಬರು. ಮದುವೆ ಮನೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂರಿಸುತ್ತಿದ್ದರು. ಸುಳ್ಳೇಕೆ, ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ತನುಶ್ರೀ ಬಂದ ಮೂರೇ ತಿಂಗಳಿಗೆ ಅದನ್ನೆಲ್ಲ ಕಿತ್ತು ಹೊರಗಿಟ್ಟಳು. ಒಂದೊಂದು ಸೆಂಟರಿಗೆ ಒಂದೊಂದು ಸೆಟ್ಟಿಂಗ್ ಫೈಲು. ಪ್ರೋಗ್ರಾಂ ಶುರುವಾದಾಗ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಆ ಫೈಲನ್ನು ಓದಿ, ಹೀಟರ್, ಫ್ಯಾನ್ ನೋಡಿಕೊಳ್ಳುವ ಕೋಡಿನ ತುಂಡುಗಳನ್ನು, ಅಂದರೆ ಆಬ್ಜೆಕ್ಟುಗಳನ್ನು, ತಾನೇ ಕಟ್ಟಿ, ಕಟ್ಟುವಾಗಲೇ ಬೇಕಾದ ಅಂಕಿಗಳನ್ನು ಒಳಗೆ ಇಟ್ಟುಬಿಡುತ್ತದೆ. ಅದಕ್ಕೆ ಇಂಜೆಕ್ಟ್ ಮಾಡುವುದು ಎನ್ನುತ್ತಾರೆ. ಹುಳು ಸೊಪ್ಪು ಹುಡುಕಿಕೊಂಡು ಹೋಗುವುದಿಲ್ಲ, ತಟ್ಟೆಗೇ ತಂದು ಹಾಕುತ್ತೇವಲ್ಲ, ಹಾಗೆ. ಅವಳು ಹೇಳಿದ ತಕ್ಷಣ ಅರ್ಥವಾಗಿತ್ತು. ಅರ್ಥವಾಗದವನ ಹಾಗೆ ಎರಡು ಸಲ ಹೇಳಿಸಿದೆ. ಅವಳು ಬೇಸರವಿಲ್ಲದೆ ಎರಡು ಸಲವೂ ಹೇಳಿದಳು, ಅದಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ಸೆಂಟರಿನವರು ತಮ್ಮ ಮೊಬೈಲಿನಲ್ಲೇ ಡಿಗ್ರಿ ಏರಿಸಿ ಇಳಿಸತೊಡಗಿದರು. ನನ್ನ ಫೋನ್ ತಣ್ಣಗಾಯಿತು. ಮಾಲೀಕ ಮೋಹನ್‌ಬಾಬು ಬಂದವರಿಗೆಲ್ಲ, "ಎಲ್ಲಾ ಈ ಹುಡುಗೀದೇ ಕಣ್ರೀ" ಎಂದು ತೋರಿಸುತ್ತಿದ್ದರು. ಪಕ್ಕದಲ್ಲೇ ನಾನು ಕಂಬದ ಹಾಗೆ ನಿಂತಿರುತ್ತಿದ್ದೆ.

ಒಂದು ದಿನ ಅವಳು ಕೇಳಿದಳು. "ಮಧು ಅಣ್ಣ, ಎಲ್ಲಾ ಸೆಂಟರಿಗೂ ಇಪ್ಪತ್ತೇಳು ಡಿಗ್ರಿ ಇದೆ. ರಾಮಾಂಜಿನಪ್ಪನೋರದ್ದು ಮಾತ್ರ ಯಾಕೆ ಮೂವತ್ತು?"

ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ರಾಮಾಂಜಿನಪ್ಪನವರ ತಾಯಿ ವರಲಕ್ಷ್ಮಮ್ಮ, ಮೊಟ್ಟೆಯೊಡೆದ ದಿನ ಹುಳುವಿನ ಕೋಣೆಯಲ್ಲಿ ದೀಪ ಹಚ್ಚಿದರೆ, ಹುಳು ರೈತರ ಮನೆಗೆ ಹೋಗುವ ತನಕ ಆರಲು ಬಿಡುವುದಿಲ್ಲ. ದೀಪದ ಗೂಡಿನ ಮೇಲೇ ಶಾಖ ಅಳೆಯುವ ನಮ್ಮ ಸೆನ್ಸರ್. ವಯರು ಬೇರೆ ಗೋಡೆಗೆ ಎಟುಕಿರಲಿಲ್ಲ. ದೀಪದ ಕಾವಿಗೆ ಅದು ಮೂರು ಡಿಗ್ರಿ ಹೆಚ್ಚು ತೋರಿಸುತ್ತದೆ. ಮುದುಕಿಗೆ ದೀಪ ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಕೋಡಿನಲ್ಲಿ ಮೂವತ್ತು ಎಂದು ಬರೆದು, ಯಾರಿಗೂ ಹೇಳದೆ ಬಂದಿದ್ದೆ.

"ಹಳೇ ತಪ್ಪು ಕಣಮ್ಮ ಅದು. ಇಪ್ಪತ್ತೇಳೇ ಮಾಡು" ಎಂದೆ. ಎಡವಟ್ಟಾಗಲಿ, ಮತ್ತೆ ನನ್ನನ್ನೇ ಕರೆಯಲಿ ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು.

ಅವಳು ನಂಬಿದಳು. ಫೈಲಿನಲ್ಲಿ ಇಪ್ಪತ್ತೇಳು ಎಂದಾಯಿತು. ಫ್ರೇಮ್‌ವರ್ಕ್ ಅದನ್ನೇ ಒಯ್ದು ಹೀಟರಿನ ಕೈಗಿಟ್ಟಿತು. ಇದು ಸರಿಯೇ ಎಂದು ಕೇಳುವ ಬುದ್ಧಿ ಹೀಟರಿಗಿಲ್ಲ.

ಸಂಕ್ರಾಂತಿಯ ಚಳಿ. ಮೊಬೈಲಿನಲ್ಲಿ ಇಪ್ಪತ್ತೇಳು ಕಾಣುತ್ತಿತ್ತು, ಕೋಣೆಯೊಳಗೆ ಇಪ್ಪತ್ತನಾಲ್ಕೇ ಇತ್ತು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅವರೇ ಮಾಡಲಿ ಎಂದು ಕಾದೆ.

ಮೊಟ್ಟೆಯೊಡೆದ ಐದನೇ ದಿನ ರಾಮಾಂಜಿನಪ್ಪ ಫೋನ್ ಮಾಡಿದರು, ನನಗಲ್ಲ, ತನುಶ್ರೀಗೆ. ಒಂದೇ ತಟ್ಟೆಯಲ್ಲಿ ಅರ್ಧ ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಆಡಿಸುತ್ತಿದ್ದವು, ಇನ್ನರ್ಧ ಇನ್ನೂ ಕೂತೇ ಇದ್ದವು. ಹೀಗೆ ಹಿಂದುಮುಂದಾದ ಹುಳುವನ್ನು ಯಾವ ರೈತನೂ ಒಯ್ಯುವುದಿಲ್ಲ. ತನುಶ್ರೀ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ನಾನು ಆಫೀಸಿನಲ್ಲೇ ಉಳಿದೆ.

ಅರ್ಧದಷ್ಟು ಹುಳುವನ್ನು ಗುಂಡಿಗೆ ಸುರಿಯಬೇಕಾಯಿತು. ಮಾರನೆಯ ಬೆಳಿಗ್ಗೆ ಮೋಹನ್‌ಬಾಬು ಇಡೀ ಮಹಡಿಗೆ ಕೇಳುವ ಹಾಗೆ ಅವಳ ಮೇಲೆ ಕೂಗಾಡಿದರು. "ಹತ್ತು ವರ್ಷ ಮಧು ಕೈಲಿ ಒಂದ್ ಹುಳ ಸತ್ತಿರಲಿಲ್ಲ! ನಿಂಗೆ ಮುಟ್ಟು ಅಂತ ಯಾರಮ್ಮ ಹೇಳಿದ್ದು?"

ಈ ಮಾತು ಕೇಳಲೆಂದೇ ನಾನು ತಿಂಗಳುಗಟ್ಟಲೆ ಬಾಯಿ ಚಪ್ಪರಿಸಿಕೊಂಡು ಕಾದಿದ್ದೆ. ಈಗ ನನ್ನ ಹೆಸರು ಹೇಳುತ್ತಾಳೆ ಎಂದು ಕುರ್ಚಿಯಲ್ಲಿ ಕುಗ್ಗಿದೆ.

"ನಂದೇ ತಪ್ಪು ಸರ್" ಎಂದಳು. "ಜಾಗಕ್ಕೆ ಹೋಗಿ ನೋಡ್ದೆ ಬದಲಾಯಿಸ್ಬಿಟ್ಟೆ."

ಅಷ್ಟೇ. ಬೈಗುಳ ತಿಂದು ಕೂಡ ನನಗಿಂತ ದೊಡ್ಡವಳಾಗಿ ಹೊರಗೆ ಬಂದಳು. ಅಸೂಯೆ ಆಗಲೂ ಹೋಗಲಿಲ್ಲ, ಇನ್ನೂ ಒಂದು ಹಿಡಿ ಹೆಚ್ಚಾಯಿತು.

ಅವಳು ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂತಳು. "ದೀಪದ ವಿಷ್ಯ ವರಲಕ್ಷ್ಮಮ್ಮ ಹೇಳಿದ್ರು ಅಣ್ಣ. 'ಮಧುಗೆ ತೆಲುಸು, ಎಲ್ಲಾ ಗೊತ್ತು ಕಣಮ್ಮ, ಅವನೇ ಸರಿ ಮಾಡಿಕೊಟ್ಟು ಹೋಗಿದ್ದ' ಅಂದ್ರು."

ಅವಳು ನೋಟ್‌ಬುಕ್ ತೆರೆದಳು. "ಇನ್ನೂ ಯಾವ್ಯಾವ ಸೆಂಟರಲ್ಲಿ ಇಂಥದ್ದಿದೆ, ಹೇಳ್ತಾ ಹೋಗಿ. ಬರ್ಕೊತೀನಿ."

"ನಾನು ಹೇಳಿದ್ರೆ ನಂಬ್ತೀಯೇನಮ್ಮ?"

"ಇಲ್ಲ ಅಣ್ಣ" ಎಂದಳು, ಸಿಟ್ಟಿಲ್ಲದೆ. "ಈ ಸಲ ಹೋಗಿ ನೋಡ್ಕೊಂಡೇ ಹಾಕ್ತೀನಿ. ಎಲ್ಲಿಗೆ ಹೋಗಿ ನೋಡ್ಬೇಕು ಅನ್ನೋದು ನಿಮಗೊಬ್ರಿಗೇ ಗೊತ್ತಿರೋದು."

ಹೇಳಿದೆ. ಚೆನ್ನರಾಯಪ್ಪನವರ ಕೋಣೆಯ ಬಿಸಿಲು ಬೀಳುವ ಕಿಟಕಿ, ನಲ್ಲಪ್ಪನವರ ಸೋರುವ ನೀರಿನ ಪೈಪು, ಹೀಗೆ ಹನ್ನೊಂದು ಸೆಂಟರಿನದು. ಸರ್‌ಗೆ ನಿಜ ನಾನೇ ಹೇಳುತ್ತೇನೆ ಎಂದೆ. "ಹೇಳಿ ಅಣ್ಣ" ಎಂದಳು, ಪುಸ್ತಕದಿಂದ ಕಣ್ಣು ತೆಗೆಯದೆ. ನಾನು ಕೊಟ್ಟ ಅಂಕಿಯನ್ನು ಹತ್ತು ವರ್ಷ ಒಬ್ಬರೂ ಯಾಕೆಂದು ಕೇಳಿದವರಲ್ಲ. ಅವಳು ಹನ್ನೊಂದನ್ನೂ ಒಂದರ ಕೆಳಗೊಂದು ಬರೆದುಕೊಂಡು, ಪ್ರತಿಯೊಂದರ ಮುಂದೆಯೂ 'ನೋಡಬೇಕು' ಎಂದು ಬರೆದಳು.