ಬಲಮಗ್ಗಲಿನ ಒತ್ತು

ಆ ದಿನವೂ ನಮ್ಮ ಯಜಮಾನರು ಎಂದಿನಂತೆ ಡ್ಯೂಟಿ ಮುಗಿಸಿ ಬಂದರು. ಫೌಜಿನಿಂದ ನಿವೃತ್ತರಾದ ಮೇಲೆ ಅವರು ಚಿಕ್ಕೋಡಿಯ ಒಂದು ಬಂಗಾರದ ಅಂಗಡಿಯಲ್ಲಿ ಗನ್‌ಮ್ಯಾನ್ ಆಗಿದ್ದರು. ಲೈಸೆನ್ಸ್ ಇದ್ದ ಸ್ವಂತ ರಿವಾಲ್ವರ್ ಬಲಸೊಂಟದ ಚರ್ಮದ ಒರೆಯಲ್ಲಿರುತ್ತಿತ್ತು. ಸಂಜೆ ಯಡೂರಿನ ಮನೆಗೆ ಬಂದವರು ಹೊಸ್ತಿಲಲ್ಲೇ ಗುಂಡು ತೆಗೆದು ಡಬ್ಬಿಗೆ ಹಾಕಿ, ಆಮೇಲೆ ಚಹಾ ಕೇಳುವುದು ರೂಢಿ. ಅಂದು ಮೊದಲು ನೀರು ಕೇಳಿದರು. ಎದೆಯಲ್ಲಿ ಗ್ಯಾಸ್ ಹಿಡಿದಂತಾಗಿದೆ ಎಂದರು. ನಾನು ಜೀರಿಗೆ ನೀರು ಕಾಯಿಸಲು ಒಳಗೆ ಹೋದೆ. ಅವರು ಒರೆಯನ್ನು ಹಾಗೆಯೇ ತಿಜೋರಿಯಲ್ಲಿಟ್ಟು ಕೀಲಿ ಹಾಕಿ ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ಸತ್ತವರು ಮನೆಯಲ್ಲಿ ಸುಳಿದಾಡುತ್ತಾರೆ ಎನ್ನುವ ಮಾತನ್ನು ನಾನು ಎಂದೂ ನಂಬಿದವಳಲ್ಲ. ಹಾಗೆ ಹೇಳುವವರ ದುಃಖ ಅರ್ಥವಾಗುತ್ತಿತ್ತು, ಮಾತು ಮಾತ್ರ ಒಪ್ಪಿಗೆಯಾಗುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಓದಿದವರು ತಮಗೆ ತೋಚಿದಂತೆ ತಿಳಿದುಕೊಳ್ಳಲಿ.

ಅದಕ್ಕೆ ಮೊದಲು ಅವರ ಎರಡು ರೂಢಿಗಳನ್ನು ಹೇಳಬೇಕು. ರಜೆಯ ದಿನ ಅವರು ಖಾಲಿ ರಿವಾಲ್ವರ್ ಹಿಡಿದು ಹಿತ್ತಲ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಎರಡೂ ಕೈ ಎದೆಯ ಹತ್ತಿರ, ಮೊಳಕೈ ಪಕ್ಕೆಗೆ, ನಳಿಗೆ ನೆಲದ ಕಡೆ, ತೋರುಬೆರಳು ಟ್ರಿಗರ್‌ನ ಹೊರಗೆ ನೀಟಾಗಿ ಚಾಚಿಕೊಂಡಿರುತ್ತಿತ್ತು. ಹಾಗೆಯೇ ಬಹಳ ಹೊತ್ತು ನಿಲ್ಲುವರು.

ನನ್ನ ಮೈದುನ ಬಾಳಪ್ಪ ಕಾಡಿಸುತ್ತಿದ್ದ. "ಅಣ್ಣಾ, ಯಾವಾಗರೆ ಹೊಡೀತೀಯೋ ಇಲ್ಲೋ? ನೋಡಿ ನೋಡಿ ನನ್ನ ಕಾಲ ಸೋತಾವು."

"ಹೊಡಿಯೋದು ಯಾವನರೆ ಕಲೀತಾನಲೇ. ಹೊಡಿಲಾರದಂಗ ಹಿಡಿಯೋದು ಕಲಿಯಾಕ ವರ್ಷ ಬೇಕು."

ಅವರ ದೊಡ್ಡ ಅಂಜಿಕೆ ಕಳ್ಳರದಲ್ಲ. ತಮ್ಮ ಆಯುಧ ಇನ್ನೊಬ್ಬರ ಕೈಗೆ ಹೋಗಿ, ಅದರಿಂದ ಯಾರಿಗಾದರೂ ಏಟಾದೀತು ಎಂಬುದು. ಅದಕ್ಕೇ ಜನರ ನಡುವೆ ಬಲಮೊಳಕೈ ಸದಾ ಒರೆಯ ಮೇಲೆ ಒತ್ತಿಕೊಂಡಿರುತ್ತಿತ್ತು. ಅಮಾವಾಸ್ಯೆಗೆ ವೀರಭದ್ರ ದೇವರ ಗುಡಿಗೆ ರಿವಾಲ್ವರ್ ಇಲ್ಲದೆ ಬರಿಸೊಂಟದಲ್ಲಿ ಹೋದಾಗಲೂ ಆ ಕೈ ಸಡಿಲಾಗುತ್ತಿರಲಿಲ್ಲ. ರೆಕ್ಕೆ ಮುರಿದ ಹುಂಜ ಎಂದು ನಮ್ಮ ಅತ್ತೆ ನಗುತ್ತಿದ್ದರು. ಬಲಗಡೆ ಯಾರೂ ಇರಬಾರದೆಂದು ನನ್ನನ್ನು ಯಾವಾಗಲೂ ಎಡಗಡೆಗೆ ಹಾಕಿಕೊಂಡೇ ನಡೆಯುವರು. ಮುಂದೆ ನೂಕಾಟ ಕಂಡರೆ ಎಡಮೊಳಕೈಯಿಂದ ನನ್ನ ಬಲಪಕ್ಕೆಯನ್ನು ಒಮ್ಮೆ ಒತ್ತುವರು. ಎಚ್ಚರ ಎಂದು ಅದರ ಅರ್ಥ. ರಿವಾಲ್ವರ್ ಅನ್ನು ಮಾತ್ರ ನನ್ನ ಕೈಗೆ ಒಮ್ಮೆಯೂ ಕೊಟ್ಟವರಲ್ಲ.

ಅವರು ಹೋದ ಮೇಲೆ ಅದನ್ನು ಠಾಣೆಗೆ ಒಪ್ಪಿಸಬೇಕಿತ್ತು. ಅಷ್ಟರಲ್ಲಿ ಖಂಡೇನವಮಿ ಬಂತು. ಸೂತಕ ಕಳೆದಿದ್ದರೂ ಆ ವರ್ಷ ನಮ್ಮಲ್ಲಿ ಹೋಳಿಗೆ ಇಲ್ಲ, ಹಬ್ಬ ಇಲ್ಲ. ಆದರೂ ಕೊನೆಯದಾಗಿ ಒಮ್ಮೆ ಪೂಜೆಗೆ ಇಟ್ಟು ಕೊಡೋಣ ಎಂದು ಅತ್ತೆ ಬೇಡಿಕೊಂಡರು. ಬಾಳಪ್ಪ ತಿಜೋರಿಯಿಂದ ಒರೆ ತೆಗೆದು, ಕುಡಗೋಲು, ಕುರ್ಪಿಗಳ ಪಕ್ಕ ಮಣೆಯ ಮೇಲೆ ಇಟ್ಟ. ಪ್ರತಿವರ್ಷ ಪೂಜೆಗೆ ಮೊದಲು ತೆರೆದು ನೋಡುತ್ತಿದ್ದವರು ನಮ್ಮ ಯಜಮಾನರೇ. ಪೂಜೆಗೆ ಕೂತ ಆಯುಧವನ್ನು ಬೇರೆ ಯಾರೂ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಮನೆಯೊಳಗೆ ಬಂದ ರಿವಾಲ್ವರ್ ಖಾಲಿ ಎಂಬುದು ನಮಗೆಲ್ಲ ಸೂರ್ಯ ಮೂಡುವಷ್ಟೇ ಖಚಿತ. ಕುಂಕುಮ ಹಚ್ಚಿದೆವು, ಊದಿನಕಡ್ಡಿ ಬೆಳಗಿದೆವು.

ದೀಪ ಹಚ್ಚುವ ಹೊತ್ತು. ಅತ್ತೆ ಮಣೆಯ ಆಚೆ ಕುಳಿತು ಉಳಿದ ಚೆಂಡುಹೂ ಕಟ್ಟುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಬಲಭುಜವನ್ನು ಗೋಡೆಗೆ ಆನಿಸಿ ನಿಂತಿದ್ದೆ. ನಮ್ಮ ಯಜಮಾನರ ಮಾತು ಬಂತು. ಮಣೆಯ ಈಚೆ ಕೂತಿದ್ದ ಬಾಳಪ್ಪನಿಗೆ ಅಳುವೂ ಬಂತು, ನಗುವೂ ಬಂತು. ಮರುದಿನ ಹೋಗಿಬಿಡುವ ವಸ್ತುವೆಂದು ಪದ್ಧತಿ ಮೀರಿ ಒರೆಯಿಂದ ರಿವಾಲ್ವರ್ ಎತ್ತಿಕೊಂಡ.

"ಅವ್ವಾ, ಅಣ್ಣ ಹೆಂಗ ನಿಂದರ್ತಿದ್ದ ಗೊತ್ತೈತಿಲ್ಲೋ? ಹಿಂಗ!"

ಅಣ್ಣ ಎಂದೂ ಹಾಗೆ ನಿಂತವರಲ್ಲ. ಬಾಳಪ್ಪನ ಕೈ ಉದ್ದಕ್ಕೆ ಚಾಚಿತ್ತು, ಬೆರಳು ಟ್ರಿಗರ್ ಮೇಲೆ ಇತ್ತು, ನಳಿಗೆ ಅತ್ತೆಯ ಕಡೆ ತಿರುಗುತ್ತಿತ್ತು.

ಆಗ ನನ್ನ ಬಲಪಕ್ಕೆಯಲ್ಲಿ ಆ ಒತ್ತು ಬಂತು. ಒಂದೇ ಸಲ, ಗಟ್ಟಿಯಾಗಿ.

ಮುಂದಿನದನ್ನು ನಾನು ಮಾಡಿದೆ ಎಂದು ಹೇಳಲು ಬಾಯಿ ಬರುವುದಿಲ್ಲ. ಬಾಳಪ್ಪನ ಕೈ ಕೆಳಗೆ ತಗ್ಗಿದ್ದು ಕಂಡಿತು. ಮರುಕ್ಷಣ ರಿವಾಲ್ವರ್ ನನ್ನ ಎರಡೂ ಕೈಗಳಲ್ಲಿ, ಎದೆಯ ಹತ್ತಿರ ಇತ್ತು. ನಳಿಗೆ ನೆಲಕ್ಕಿತ್ತು, ಬೆರಳು ಹೊರಗಿತ್ತು. ಎಡಭುಜ ಅವನಿಗೆ ಅಡ್ಡವಾಗಿತ್ತು, ಅವನು ಮತ್ತೆ ಕಸಿಯಲಾರದಂತೆ.

"ವೈನಿ, ಹಗೂರ್ರಿ! ಕೈ ಮುರಿತೀರೇನು? ಖಾಲಿ ಐತ್ರಿ ಅದು!"

ನನ್ನ ಹೆಬ್ಬೆರಳು ಒಂದು ಕಡೆ ಒತ್ತಿತು. ಗುಂಡಿನ ಉರುಳೆ ಹೊರಗೆ ಬಂತು. ಹೊಸ್ತಿಲಲ್ಲಿ ಅವರು ಮಾಡುತ್ತಿದ್ದಂತೆಯೇ ಒಂದೊಂದಾಗಿ ಗುಂಡುಗಳು ನನ್ನ ಅಂಗೈಗೆ ಬಿದ್ದವು. ಉರುಳೆ ತುಂಬಿತ್ತು.

ಅತ್ತೆ ಹೂವಿನ ದಾರ ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದರು.

"ನೀ ನಿಂತದ್ದು ನೋಡಿ ನನ್ನ ಮಗಾನ ಬಂದ ಅಂದ್ಕೊಂಡ್ನಿ," ಎಂದರು. ಆಮೇಲೆ ಬಾಳಪ್ಪನ ಕಡೆ ತಿರುಗಿದರು. "ಏ ಬಾಳ್ಯಾ, ಇನ್ನಮ್ಯಾಲೆ ನಿನ್ನ ಕೈಯಾಗ ಚಾದ ಕಪ್ಪೂ ಕೊಡಾಂಗಿಲ್ಲ ನೋಡ."

ಅವನು ಅಳುತ್ತ ನಕ್ಕ. ನಾನೂ ನಕ್ಕೆ, ಅವರು ಹೋದ ಮೇಲೆ ಮೊದಲ ಸಲ. ಮೂವರೂ ಚಹಾ ಕುಡಿದೆವು. ಮರುದಿನ ಬಾಳಪ್ಪ ಎಲ್ಲವನ್ನೂ ಠಾಣೆಗೆ ಒಪ್ಪಿಸಿ ಬಂದ. ಅವರು ಅಂಜುತ್ತಿದ್ದುದು ನಡೆಯಲಿಲ್ಲ. ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಆ ಹಗುರ ಇಂದಿಗೂ ಇದೆ.

ನೋಡಿ ನೋಡಿ ನಿಮ್ಮ ಕೈ ಕಲಿತಿರಬೇಕು ಎಂದು ಬಾಳಪ್ಪ ಹೇಳುತ್ತಾನೆ. ಇರಬಹುದು. ಕೈ ಕಲಿತಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಆ ಒತ್ತು? ನನ್ನ ಬಲಕ್ಕೆ ಇದ್ದದ್ದು ಗೋಡೆ. ಆಮೇಲೆ ಎಷ್ಟೋ ಸಲ ಅದೇ ಬಾಗಿಲಲ್ಲಿ, ಅದೇ ರೀತಿ ಭುಜ ಆನಿಸಿ ನಿಂತು ನೋಡಿದ್ದೇನೆ. ಗೋಡೆ ಭುಜಕ್ಕೆ ತಾಗುತ್ತದೆ, ಪಕ್ಕೆಗೆ ತಾಗುವುದಿಲ್ಲ. ನನಗೆ ತಿಳಿಯುವುದು ಇಷ್ಟೇ.

ಅಮಾವಾಸ್ಯೆಗೆ ಈಗಲೂ ಗುಡಿಗೆ ಹೋಗುತ್ತೇನೆ. ಎಷ್ಟೇ ಜನರಿದ್ದರೂ ಬಲಗಡೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟೇ ನಡೆಯುತ್ತೇನೆ. ಆ ಒತ್ತು ಮತ್ತೆ ಬಂದಿಲ್ಲ. ಆ ಜಾಗದಲ್ಲಿ ಅವರಿಲ್ಲ.