ಲಾರಿಗೆ ಬಳಿದ ಬಾಗಿಲ ಬಣ್ಣ

ನಮ್ಮ ಮನೆಯವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು. ಬಿಟ್ಟು ಬಂದ ಮೇಲೂ ಅದರ ಗೀಳು ಬಿಡಲಿಲ್ಲ, ಹರಾಜಿನಲ್ಲಿ ಮಿಲಿಟರಿಯದೇ ಒಂದು ಹಳೇ ಲಾರಿ ಹಿಡಿದುಕೊಂಡು ಊರಿಗೆ ಬಂದರು. ನಮ್ಮೂರು ಶಿರಾಕ್ಕೂ ಮಧುಗಿರಿಗೂ ನಡುವೆ. ಕಡ್ಲೆಕಾಯಿ ಮೂಟೆಯೋ ಕುರಿಯೋ, ಹೇರಿದ್ದನ್ನು ಲಾರಿ ಹೊರುತ್ತಿತ್ತು. ನೋಡಲು ಚೆಂದವೇನಿಲ್ಲ. ಮೂತಿ ಕೋಣದ್ದು, ಕೂಗು ಕತ್ತೆಯದು. ಇವರು ಮಾತ್ರ ಬೆಳಗಾದರೆ ಅದರ ಪಕ್ಕೆ ತಟ್ಟಿ ಮಾತಾಡಿಸುವರು. ನನ್ನನ್ನು ಒಂದು ದಿನವೂ ಹಾಗೆ ತಟ್ಟಿದವರಲ್ಲ.

ನಮ್ಮ ಮಾವನವರಿಗೆ ಅದನ್ನು ಕಂಡರಾಗದು. ಕುರಿ ಕಾದು ಬಾಳಿದ ಜೀವ. ಹುಲ್ಲು ಮೇಯದ್ದು, ಮರಿ ಹಾಕದ್ದು ಅವರ ಪಾಲಿಗೆ ಆಸ್ತಿಯೇ ಅಲ್ಲ. ಆ ವರ್ಷ ಕೊರಟಗೆರೆ ದಾರಿಯಲ್ಲಿ ಲಾರಿ ಎರಡು ಸಲ ಕೆಟ್ಟು ನಿಂತಿತು. "ಇನ್ನೊಂದ್ಸಲ ನಿಂತ್ರೆ ಶಿರಾದ ಗುಜರಿಗೆ ಆಕ್ಬುಡು ಕಣ್ಲಾ" ಎಂದರು ಮಾವ. ಇವರು ಹೂಂ ಅಂದುಬಿಟ್ಟರು. ಅಪ್ಪನಿಗೆ ಕೊಟ್ಟ ಮಾತು ತಪ್ಪುವವರಲ್ಲ. ನನಗೆ ಹೆದರಿಕೆ ಇದ್ದದ್ದೇ ಅದಕ್ಕೆ. ಲಾರಿ ಹೋದರೆ ಇವರು ಜಗಲಿ ಮೇಲೆ ಕೂತು ನನ್ನ ತಲೆ ತಿನ್ನುತ್ತಿದ್ದರು.

ಆಯುಧಪೂಜೆ ಹತ್ತಿರ ಬಂತು. ಹಿಂದಿನ ದಿನ ಲಾರಿ ತೊಳೆದರು. ಬ್ಯಾಟರಿಯ ಹತ್ತಿರ ತುಕ್ಕು ಉಜ್ಜಲು ಒಂದು ದಪ್ಪ ತಂತಿ ಬಿಚ್ಚಿ ಇಳಿಬಿಟ್ಟು, ಹೂವು ತರಲು ಮಧುಗಿರಿಗೆ ಹೋದರು. ಮನೆಯಲ್ಲಿ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣ ಅರ್ಧ ಡಬ್ಬಿ ಇತ್ತು. ಹಬ್ಬಕ್ಕೆ ಚೆಂದ ಕಾಣಲಿ ಎಂದು ತುಕ್ಕು ಕಂಡಲ್ಲೆಲ್ಲ ನಾನೇ ಬಳಿದೆ. ಆ ತಂತಿ ಕೂರುವ ಜಾಗ, ಅದರ ಬೋಲ್ಟು, ಯಾವುದನ್ನೂ ಬಿಡಲಿಲ್ಲ. ಕಬ್ಬಿಣ ಅಂದ ಮೇಲೆ ಬಣ್ಣ ಬೇಡವೇ? ಬೆಳಿಗ್ಗೆ ಇವರು ಒಣಗಿದ ಬಣ್ಣದ ಮೇಲೆಯೇ ಗಡಿಬಿಡಿಯಲ್ಲಿ ತಂತಿ ಬಿಗಿದರು.

ಪೂಜೆಗೆ ಒಂದು ಹಲಗೆಯ ಮೇಲೆ ಸ್ಪ್ಯಾನರ್, ಜಾಕು, ನನ್ನ ಈಳಿಗೆಮಣೆ, ಮಾವನವರ ಉಣ್ಣೆ ಕತ್ತರಿ ಎಲ್ಲಾ ಇಟ್ಟು ಕುಂಕುಮ ಹಚ್ಚಿದೆವು. ಕುಂಕುಮ ಬಿದ್ದ ಆಯುಧವನ್ನು ಆವತ್ತು ಯಾರೂ ಮುಟ್ಟುವಂತಿಲ್ಲ. ಮುಂದಿನ ಗಾಲಿಗಳ ಅಡಿಗೆ ನಿಂಬೆಹಣ್ಣು ಇಟ್ಟರು. ಲಾರಿ ಅದನ್ನು ಅರೆದು ಮುಂದೆ ಹೋಗಬೇಕು, ಆಮೇಲೆ ಮಂಗಳಾರತಿ. ಬೀದಿಯವರೆಲ್ಲ ನಿಂತಿದ್ದರು. ಇವರು ಹತ್ತಿ ಕೂತು ಸ್ಟಾರ್ಟರ್ ಒತ್ತಿದರು. ಟಿಕ್ ಎನ್ನಲಿಲ್ಲ. ಹಾರನ್ ಇಲ್ಲ, ದೀಪ ಇಲ್ಲ.

ಹಬ್ಬಕ್ಕೆ ಬಂದಿದ್ದ ನಾದಿನಿಯ ಗಂಡ ಪಾವಗಡ ಸೀಮೆಯವನು, ತೆಲುಗು ಮಾತಿನವನು. "ಏಂ ಬಾವಾ, ಎದ್ದುಲು ಕಡದಾಮಾ?" ಅಂದ. ಎತ್ತು ಕಟ್ಟೋಣವಾ ಎಂದು. ಎಲ್ಲರೂ ನಕ್ಕರು. ಮಾವ ನಗಲಿಲ್ಲ. "ನಿಂಬೆಅಣ್ಣೇ ಒಡೀನಿಲ್ಲ. ನಾಳಿಕೇ ಗುಜರಿ" ಅಂದರು.

ಇವರು ಕೆಳಗಿಳಿದರು. ಬೈಗುಳವಿಲ್ಲ, ಕೂಗಾಟವಿಲ್ಲ. ಕಾಯಿಲೆ ಕುರಿಯ ಕಣ್ಣು ಬಿಡಿಸಿ ನೋಡುವ ಹಾಗೆ ಲಾರಿಯನ್ನು ನೋಡಿದರು. "ಒಂದು ಫ್ಯೂಜು ಓದ್ರೆ ಒಂದು ದೀಪ ಓಗುತ್ತೆ. ಎಲ್ಲಾ ಓಗೈತೆ ಅಂದ್ರೆ ಎಲ್ಲಾದ್ಕೂ ಸೇರಿದ್ದೇ ಎಲ್ಲೋ ಕಿತ್ತೋಗೈತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎರಡು ತಂತಿ ಕಟ್ಟಿದ ಒಂದು ಬಲ್ಬು ತಂದರು. ಅದಕ್ಕೆ ಕುಂಕುಮ ಬಿದ್ದಿರಲಿಲ್ಲ. ಬ್ಯಾಟರಿಯ ಎರಡೂ ತುದಿಗೆ ಹಿಡಿದರು, ಬಲ್ಬು ಉರಿಯಿತು. "ಬ್ಯಾಟ್ರಿ ಜೀವ್ದಾಗೈತೆ." ಆಮೇಲೆ ಒಂದು ತಂತಿ ಬ್ಯಾಟರಿಯಲ್ಲೇ ಇಟ್ಟು, ಇನ್ನೊಂದನ್ನು ಸರಪಣಿ ಉಜ್ಜಿ ಬೆಳ್ಳಗಾಗಿದ್ದ ಲಾರಿಯ ಕೊಕ್ಕೆಗೆ ಮುಟ್ಟಿಸಿದರು. ಉರಿಯಲಿಲ್ಲ.

"ಲೇ, ಕರೆಂಟು ಓಗೋದು ತಂತೀಲಿ, ವಾಪಸ್ ಬರೋದು ಲಾರಿ ಕಬ್ಬಿಣದಾಗೆ. ಆ ಕಬ್ಬಿಣಕ್ಕೂ ಬ್ಯಾಟ್ರಿಗೂ ಮಾತೇ ನಿಂತೋಗೈತೆ" ಎಂದರು ನನಗೆ. ಅವೆರಡನ್ನೂ ಸೇರಿಸುವುದು ಆ ದಪ್ಪ ತಂತಿ. ಅದು ಕೂತ ಜಾಗ ನೋಡಿದರೆ ಹಸಿರಗೆ ಮಿಂಚುತ್ತಿತ್ತು. ಇವರು ನನ್ನ ಮುಖ ನೋಡಿದರು.

ಬಿಚ್ಚಲು ಸ್ಪ್ಯಾನರ್ ಬೇಕು. ಸ್ಪ್ಯಾನರ್ ಹಲಗೆಯ ಮೇಲೆ ದೇವರಾಗಿ ಕೂತಿತ್ತು. ನಾನು ಕೈ ಹಾಕಿದೆ.

"ಪೂಜೆ ಸಾಮಾನು ಮುಟ್ಬ್ಯಾಡ ಕಣಮ್ಮ!" ಮಾವ ಗದರಿದರು.

"ಮಂಗಳಾರ್ತಿ ಆಯ್ತಾ ಮಾವ? ನಿಂಬೆಅಣ್ಣು ಒಡೀತಾ? ಪೂಜೇನೇ ಮುಗ್ದಿಲ್ಲ. ಮುಗಿಯಗಂಟ ಇದು ಬರೀ ಕಬ್ಬಿಣ."

ಮಾವ ಹಲಗೆ ಬಿಟ್ಟು ಹಿಂದೆ ಸರಿದರು. ಇವರು ಬೋಲ್ಟು ಬಿಚ್ಚಿದರು. ಬಣ್ಣ ಕೆರೆಯಲು ಹಲಗೆಯ ಮೇಲಿನ ಈಳಿಗೆಯನ್ನೂ ಕೇಳುವ ಧೈರ್ಯ ನನಗೂ ಇರಲಿಲ್ಲ. ಅಡಿಗೆಮನೆಯಿಂದ ಕಬ್ಬಿಣದ ಮಗುಚೋ ಕೈ ತಂದುಕೊಟ್ಟೆ. ಅದರಲ್ಲೇ ಬಣ್ಣ ಕೆರೆದು, ಬಿಳಿ ಕಬ್ಬಿಣ ಕಾಣಿಸಿ ಬಿಗಿದರು. ಹತ್ತಿ ಒತ್ತಿದ ತಕ್ಷಣ ಕತ್ತೆ ಕೂಗಿತು. ನಿಂಬೆಹಣ್ಣು ಪಚಕ್ಕೆಂದಿತು.

"ಏನಾಗಿತ್ಲಾ?" ಮಾವ ಕೇಳಿದರು.

"ತುಕ್ಕು ಕಣಪ್ಪ" ಅಂದರು ಇವರು.

ಹಬ್ಬದ ದಿನ ಸುಳ್ಳೇಕೆ ಎಂದು ನಾನೇ ಹೇಳಿಬಿಟ್ಟೆ. "ತುಕ್ಕಲ್ಲ ಮಾವ, ನಾನೇ ಬಣ್ಣ ಬಳ್ದಿದ್ದು."

ಮಾವ ಮಗನನ್ನೇ ನೋಡಿದರು. "ಅವಳೇನೋ ಬಳುದ್ಲು. ಮಿಲಿಟ್ರೀಲಿದ್ದೋನು, ಹಸ್ರು ಬಣ್ಣ ಕಾಣ್ನಿಲ್ವೇನ್ಲಾ ನಿನ್ ಕಣ್ಗೆ? ಲಾರಿಗಲ್ಲ, ನಿನ್ಗೇ ಗುಜರಿ ನೋಡ್ಬೇಕು." ಬೈಯುತ್ತಲೇ ಪಂಚೆ ಎತ್ತಿ ಕಟ್ಟಿ, ಮೊದಲ ಸಲ ಮುಂದಿನ ಸೀಟಿಗೆ ಹತ್ತಿ ಕೂತರು. "ನಡಿ, ಕೆರೆಗಂಟ ಓಗ್ಬರಾನ." ಗುಜರಿ ಮಾತು ಮತ್ತೆ ಎತ್ತಲಿಲ್ಲ.

ಎಷ್ಟೋ ವರ್ಷ ಓಡಿ ಆಮೇಲೆ ಅದು ಗುಜರಿಗೇ ಹೋಯಿತು. ಹೋಗದೆ ಏನು ಮಾಡೀತು? ಅಲ್ಲಿಯವರೆಗೆ ಪ್ರತಿ ಹಬ್ಬಕ್ಕೂ ಬಣ್ಣದ ಡಬ್ಬಿಯನ್ನು ಇವರೇ ತಂದು ನನ್ನ ಕೈಗೆ ಕೊಡುತ್ತಿದ್ದರು. ಕೊಡುವ ಮೊದಲು ಆ ದಪ್ಪ ತಂತಿ ಕೂರುವ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದು, "ಇದೊಂದು ಬುಟ್ಬುಡು ಕಣೇ" ಅನ್ನುತ್ತಿದ್ದರು.