ಅರ್ಥ್ ಗುಂಡಿಗೆ ನೀರು

ನಮ್ಮ ಕಂಪ್ಯೂಟರ್ ಸರ್ ಕಾಲಲ್ಲಿ ಸದಾ ಬೂಟು. ದಪ್ಪ ರಬ್ಬರ್ ಅಟ್ಟೆಯ, ಮುಖ ಕಾಣುವಷ್ಟು ಹೊಳೆಯುವ ಕಪ್ಪು ಬೂಟು. ಕ್ಲಾಸಿಗೆ ಧೂಳು ಬರಬಾರದೆಂದು ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಅವರಿಗೆ ಮಾತ್ರ ರಿಯಾಯಿತಿ. ಕೇಳಿದರೆ ಇದು ದುಬೈ ಬೂಟು, ಧೂಳು ಹಿಡಿಯುವುದಿಲ್ಲ ಎನ್ನುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಕರೆಂಟು ಉಂಟೋ ಎಂದು ನೋಡುವ ಟೆಸ್ಟರು, ಮೈಯೆಲ್ಲ ಅತ್ತರು. ಭಾರೀ ಜಂಬದ ಮನುಷ್ಯ. ಇವತ್ತು ನನ್ನ ಅಮ್ಮ ಬದುಕಿದ್ದಾರೆಂದರೆ ಅದು ಅವರ ದೆಸೆಯಿಂದ. ಅಮ್ಮನನ್ನು ದಿನವೂ ಸಾವಿನ ಬಾಯಿಗೆ ಕಳಿಸುತ್ತಿದ್ದವರೂ ಅವರೇ.

ತೊಂಬತ್ತರ ದಶಕದ ಕೊನೆಯ ಮಾತು. ಬಂಟ್ವಾಳದ ಬ್ಯಾರಿ ಮನೆತನದ ಅವರು ಗಲ್ಫಿನಿಂದ ಮರಳಿ ಬಂದು ಮಡಂತ್ಯಾರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕಂಪ್ಯೂಟರ್ ಕ್ಲಾಸ್ ತೆರೆದಿದ್ದರು. ಇದ್ದದ್ದು ಒಂದೇ ಕಂಪ್ಯೂಟರು. ಅದೇ ಕಟ್ಟಡದ ಹಿಂಭಾಗದಲ್ಲಿ ಅಮ್ಮ ಮತ್ತು ನಾನು ಇದ್ದೆವು. ಅಮ್ಮ ಬೀಡಿ ಕಟ್ಟುತ್ತಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಅಲ್ಲಿ ಕಲಿತು, ಆಮೇಲೆ ಅಲ್ಲೇ ಹೊಸಬರಿಗೆ ಟೈಪಿಂಗ್ ಹೇಳಿಕೊಡತೊಡಗಿದೆ. ಸರ್ ಸಿಟ್ಟಿನವರು, ಆದರೆ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತಿತ್ತು. ಯಂತ್ರ ಕೆಟ್ಟರೂ, ಹುಡುಗರು ಜಗಳಾಡಿದರೂ ಅವರದು ಒಂದೇ ಮಾತು: "ಮೊದಲು ಆಫ್ ಮಾಡುವ, ಮತ್ತೆ ಮಾತಾಡುವ."

ಆ ಬೇಸಿಗೆಯಲ್ಲಿ ಆಫ್ ಮಾಡುವ ಕೆಲಸವನ್ನು ಕಂಪ್ಯೂಟರೇ ವಹಿಸಿಕೊಂಡಿತು. ಯಾರದೋ ಮದುವೆ ಕಾಗದ ಅರ್ಧ ಟೈಪಾಗಿರುತ್ತದೆ, ಪರದೆ ಕಪ್ಪು. ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಕಪ್ಪು. ಸರ್ ಡಬ್ಬ ಬಿಚ್ಚಿ ಧೂಳು ಊದಿದರು. ಬಿಸಿಯಾಗಿರಬೇಕೆಂದು ಟೇಬಲ್ ಫ್ಯಾನ್ ಇಟ್ಟರು. ವೈರಸ್ ಎಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿದರು. ಕೊನೆಗೆ ಮಂಗಳೂರಿನಿಂದ ಹೊಸ ಪವರ್ ಸಪ್ಲೈ ತಂದು ಕೂರಿಸಿದರು. ಮರುದಿನ ಅದೂ ಅದೇ ಚಾಳಿ ಹಿಡಿಯಿತು. ವೋಲ್ಟೇಜ್ ಇಳಿಯುವುದು ಕಾಣುತ್ತಿತ್ತು, ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ವೋಲ್ಟೇಜ್ ಇಲ್ಲದ್ದು ಯಾರಿಗೂ ಹೊಸ ಸುದ್ದಿಯಲ್ಲ.

ಆಗ ಕಟ್ಟಡದ ವಯರ್‌ಮ್ಯಾನ್ ಬಂದು ಅರ್ಥ್ ಒಣಗಿದೆ ಎಂದ. ಹಿಂದೆ ಬಾವಿಯ ಪಕ್ಕ ಉಪ್ಪು, ಇದ್ದಿಲು ತುಂಬಿಸಿ ಕಬ್ಬಿಣದ ಪೈಪು ಹೂತಿದ್ದ ಒಂದು ಗುಂಡಿ. ಎಲ್ಲಿಯಾದರೂ ಸೋರಿದ ಕರೆಂಟು ನೆಲಕ್ಕೆ ಇಳಿದುಹೋಗಲೆಂದು ಮಾಡಿದ್ದು. ಬೇಸಿಗೆಯಲ್ಲಿ ಅದು ಒಣಗದ ಹಾಗೆ ನೀರು ಹಾಕುವ ಕ್ರಮ ನಮ್ಮ ಊರಲ್ಲಿ ಉಂಟು. ಒಂದು ಬಾಲ್ದಿ ನೀರು ಹೊಯ್ದದ್ದೇ ತಡ, ಕಂಪ್ಯೂಟರು ಸಂಜೆಯ ತನಕ ಒಮ್ಮೆಯೂ ನಿಲ್ಲಲಿಲ್ಲ. ಸರ್‌ಗೆ ತಾವೇ ಕರೆಂಟು ಕಂಡುಹಿಡಿದಷ್ಟು ಖುಷಿ. ದಿನಾ ಬೆಳಿಗ್ಗೆ, ಮಧ್ಯಾಹ್ನ ನೀರು ಹಾಕುವ ಕೆಲಸವನ್ನು ಅಮ್ಮನಿಗೆ ಒಪ್ಪಿಸಿದರು.

ಅಮ್ಮ ಬರಿಗಾಲಲ್ಲಿ, ಸ್ಟೀಲಿನ ಕೊಡ ಸೊಂಟದಲ್ಲಿಟ್ಟುಕೊಂಡು ಹೋಗಿ ಹೊಯ್ದು ಬರುತ್ತಿದ್ದರು. ಅಲ್ಲಿ ನಿಂತರೆ ಕಾಲು ಜುಂ ಎನ್ನುತ್ತದೆಂದು ಒಮ್ಮೆ ಹೇಳಿದ್ದೂ ಉಂಟು. ಬೀಡಿ ಸೂಪು ಎಂಬ ಮೊರವನ್ನು ಮಡಿಲಲ್ಲಿಟ್ಟು ಇಡೀ ದಿನ ಮಡಚಿ ಕೂತ ಕಾಲು, ಜೋಮು ಹಿಡಿದಿರಬೇಕೆಂದು ಅವರೇ ಅದಕ್ಕೆ ಕಾರಣವನ್ನೂ ಕೊಟ್ಟರು. ಕಂಪ್ಯೂಟರ್ ಡಬ್ಬ ಮುಟ್ಟಿದರೆ ಚುರುಕ್ ಎನ್ನುತ್ತದೆಂದು ಹುಡುಗಿಯರು ದೂರಿದಾಗ ಸರ್ ನಕ್ಕು, ಅದಕ್ಕೂ ಜೀವ ಉಂಟು ಎಂದುಬಿಟ್ಟರು. ಅವರಿಗೆ ಮಾತ್ರ ಯಾವತ್ತೂ ಏನೂ ಆಗುತ್ತಿರಲಿಲ್ಲ.

ಮಧ್ಯಾಹ್ನದ ನಮಾಜಿಗೆ ಅವರು ಪೇಟೆಯ ಮಸೀದಿಗೆ ಹೋಗುವವರು. ಒಂದು ದಿನ ಗಿರಾಕಿಯೊಬ್ಬರು ಅವಸರ ಮಾಡುತ್ತಿದ್ದರೆಂದು ನಮ್ಮ ಜಗಲಿಯಲ್ಲೇ ಮಾಡುತ್ತೇನೆಂದರು. ಬೂಟು ಕಳಚಿದರು. ಅವರ ಪಾದವನ್ನು ನಾನು ನೋಡಿದ್ದು ಅವತ್ತೇ ಮೊದಲು. ಬಿಸಿಲು ಕಾಣದೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಬಾವಿಕಟ್ಟೆಯಲ್ಲಿ ಕೈ, ಮುಖ, ಕಾಲು ತೊಳೆದು ಗುಂಡಿಯ ಬದಿಯಲ್ಲಿ ಎರಡು ಹೆಜ್ಜೆ ಇಟ್ಟವರು ಹಾವು ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ನೆಲ ನೋಡಿದರು. ಆಮೇಲೆ ತಲೆ ಎತ್ತಿದರು. ಆಚೆ ಬದಿಯಿಂದ ಅಮ್ಮ ಕೊಡ ಬಗ್ಗಿಸಲು ಗುಂಡಿಯ ಹತ್ತಿರ ಬರುತ್ತಿದ್ದರು.

"ಬೊಡ್ಚಿ" ಎಂದು ಸರ್ ಕಿರುಚಿದರು. ತುಳುವಿನಲ್ಲಿ ಬೇಡ ಎಂಬ ಒಂದೇ ಮಾತು. ಅಮ್ಮ ನಿಂತಲ್ಲೇ ನಿಂತರು. ಸರ್ ಒದ್ದೆ ಕಾಲಲ್ಲೇ ಒಳಗೆ ಓಡಿ ಮೇನ್ ಸ್ವಿಚ್ ಕೆಳಗೆ ಎಳೆದರು. ಗಿರಾಕಿಯ ಅರ್ಧ ಮುಗಿದ ಕೆಲಸ ಹೋಯಿತು. ಎಲ್ಲರನ್ನೂ ದೂರ ನಿಲ್ಲಿಸಿ, ಬೂಟು ಹಾಕಿಕೊಂಡು, ಒಮ್ಮೆ ಸ್ವಿಚ್ ಮೇಲೆತ್ತಿಸಿ ಟೆಸ್ಟರನ್ನು ಆ ಪೈಪಿಗೆ ಮುಟ್ಟಿಸಿದರು. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಬಗ್ಗಿ ನೋಡಿದರು. ಟೆಸ್ಟರಿನ ಸಣ್ಣ ದೀಪ ಉರಿಯುತ್ತಿತ್ತು.

ಆಮೇಲೆ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಕಟ್ಟಡದ ಮಾಡಿನ ಒಳಗೆ ಕರೆಂಟು ವಾಪಸು ಹೋಗುವ ವಯರು ಯಾವಾಗಲೋ ಸುಟ್ಟುಹೋಗಿತ್ತು. ವಯರ್‌ಮ್ಯಾನ್ ಎಲ್ಲಿ ಸುಟ್ಟಿದೆಯೆಂದು ಹುಡುಕುವ ಬದಲು ಆಗಲೇ ವಾಪಸು ಲೈನನ್ನು ಅರ್ಥ್ ವಯರಿಗೆ ಸೇರಿಸಿ ಕೈತೊಳೆದುಕೊಂಡಿದ್ದ. ಇಡೀ ಕಟ್ಟಡದ ಕರೆಂಟು ಆ ಪೈಪಿನ ಮೂಲಕ ಮಣ್ಣಿಗೆ ಹೋಗುತ್ತಿತ್ತು. ಮಣ್ಣು ಒಣಗಿದರೆ ದಾರಿ ಕಟ್ಟಿ ಕಂಪ್ಯೂಟರು ನಿಲ್ಲುತ್ತಿತ್ತು, ಒದ್ದೆಯಾದರೆ ಓಡುತ್ತಿತ್ತು. ನಾವು ರೋಗಕ್ಕೆ ಮದ್ದು ಎಂದುಕೊಂಡದ್ದು ಇದನ್ನು. ಅಮ್ಮ ಅಷ್ಟು ದಿನ ಹೇಗೆ ಬದುಕಿದರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ತಪ್ಪಾಯಿತು ಎಂಬ ಮಾತನ್ನು ನಾವು ಸರ್ ಬಾಯಿಂದ ಕೇಳಿರಲಿಲ್ಲ. ಅವತ್ತು ಅವರು ನಮ್ಮ ಜಗಲಿಯಲ್ಲಿ, ಹುಡುಗರೆಲ್ಲ ನೋಡುತ್ತಿರುವಂತೆ, ಅಮ್ಮನ ಎದುರು ನಿಂತರು.

"ಅಕ್ಕ, ನನ್ನ ಕಂಪ್ಯೂಟರ್ ಬದುಕ್ಲಿಕ್ಕೆ ನಿಮ್ಮನ್ನು ದಿನಾ ಸಾಯ್ಲಿಕ್ಕೆ ಕಳಿಸ್ತಾ ಇದ್ದೆ."

"ಸತ್ತಿಲ್ಲವಲ್ಲ, ಸಾಯ್ಬರೇ" ಎಂದರು ಅಮ್ಮ. "ಕೂತ್ಕೊಳ್ಳಿ. ಚಾ ಮಾಡ್ತೇನೆ."

ಅವರು ಕೂತು ಒಂದು ಲೋಟ ಚಾ ಕುಡಿದರು. ಇಡೀ ಕಟ್ಟಡದ ವಯರಿಂಗ್ ಹೊಸದಾಗುವ ತನಕ ಅವರು ಕ್ಲಾಸಿನ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಹುಡುಗರು ಬೇರೆ ಕಡೆ ಸೇರಿದ್ದರು. ಮರುವರ್ಷ ಕ್ಲಾಸು ಮುಚ್ಚಿ ಮೂಡುಬಿದಿರೆಯಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟರು. ಅವರು ಕಲಿಸಿದ್ದರಿಂದಲೇ ನನಗೆ ಬೆಳ್ತಂಗಡಿ ಕಡೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು.

ಹಲವು ವರ್ಷಗಳ ಮೇಲೆ, ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ಅವರು ಬಂಟ್ವಾಳದ ಮನೆಯಲ್ಲಿ ಮಲಗಿದ್ದಾರೆಂದು ತಿಳಿದು ಅಮ್ಮನೂ ನಾನೂ ಹೋದೆವು. ಗುರುತು ಸಿಗುವುದು ಕಷ್ಟವೆಂದು ಅವರ ಹೆಂಡತಿ ಮೊದಲೇ ಹೇಳಿದರು. ನನ್ನ ಗುರುತು ಸಿಗಲಿಲ್ಲ. ಅಮ್ಮನನ್ನು ಕಂಡದ್ದೇ ಕಣ್ಣು ಅಗಲವಾಯಿತು, ಏಳಲು ನೋಡಿದರು.

"ಅಕ್ಕ, ಇವತ್ತು ನೀರು ಹಾಕಿದ್ರಾ?"

ಬೇಸಿಗೆ ಬಂದರೆ ಯಾವಾಗಲೂ ಇದೇ ಪ್ರಶ್ನೆ, ನಿದ್ದೆಯಿಂದ ಎದ್ದು ಕೂತು ಕೇಳುತ್ತಾರೆ, ಯಾವ ನೀರೆಂದು ಹೇಳುವುದಿಲ್ಲ ಎಂದರು ಅವರ ಹೆಂಡತಿ. ಒಂದು ಲೋಟ ಚಾದಲ್ಲಿ ಮುಗಿಯಿತೆಂದು ನಾವು ಮರೆತೇಬಿಟ್ಟಿದ್ದೆವು. ಈ ಮನುಷ್ಯ ಅಷ್ಟೂ ವರ್ಷ ಹೆದರಿಕೊಂಡೇ ಇದ್ದರು.

ಅಮ್ಮ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡರು.

"ಇಲ್ಲ ಸಾಯ್ಬರೇ. ನೀವು ಬೊಡ್ಚಿ ಹೇಳಿದ್ರಲ್ಲ, ಅವತ್ತೇ ಬಿಟ್ಟಿದ್ದೇನೆ. ನೋಡಿ, ಗಟ್ಟಿಮುಟ್ಟಾಗಿ ಇದ್ದೇನೆ."

ಅವರು ತುಂಬ ಹೊತ್ತು ಅಮ್ಮನ ಮುಖವನ್ನೇ ನೋಡಿ ಕಣ್ಣು ಮುಚ್ಚಿದರು. ಆ ವಾರವೇ ತೀರಿಕೊಂಡರು. ಅಲ್ಲಿಯ ತನಕ ಅವರು ನೀರಿನ ಮಾತು ಮತ್ತೆ ಎತ್ತಲಿಲ್ಲವಂತೆ.